ಸೀರೆಯೊಳಗಿನ ಪ್ಯಾಂಟು

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ಶಿಡ್ಲಘಟ್ಟದ ನಮ್ಮ ನಡುಮನೆ, ಆ ಮಧ್ಯಾಹ್ನ ನೆನಪಾಗುತ್ತದೆ.

ದಸರಾ ರಜೆಗೆ ಅಪ್ಪ, ಅಮ್ಮ, ನಾನು ಕಾಶ್ಮೀರಕ್ಕೆ ಹೊರಟಿದ್ದೆವು. ಹಿಮದ ಬೆಟ್ಟಗಳ ನಡುವಿನ ಸರೋವರದಲ್ಲಿ, ದೋಣಿಮನೆಯಲ್ಲಿ ಉಳಿಯುವುದು. ರೇಷ್ಮೆ ವ್ಯಾಪಾರಕ್ಕೆಂದು ಮೊದಲೇ ಹೋಗಿಬಂದಿದ್ದ ಅಪ್ಪ, "ನೀರಿನ ಮೇಲೆ ಚಳಿ ಕಾಲಿಂದ ಹತ್ತುತ್ತೆ. ಒಂದರ ಮೇಲೊಂದು ಬಟ್ಟೆ ಹಾಕ್ಕೋಬೇಕು" ಅಂದರು.

ಅಮ್ಮ ನುಸಿಗುಳಿಗೆ ಹಾಕಿಟ್ಟಿದ್ದ ಟ್ರಂಕಿನಿಂದ ಅಪ್ಪನ ಹಳೇ ಉಣ್ಣೆ ಪ್ಯಾಂಟು ತೆಗೆದು, ತನ್ನ ಸೊಂಟಕ್ಕೆ ಸರಿಯಾಗಿ ಹೊಲಿದು, ಸೀರೆಯೊಳಗೆ ಹಾಕಿಕೊಂಡಳು. ಮುಟ್ಟಿದರೆ ಕಂಬಳಿಯ ಹಾಗೆ ಚುಚ್ಚುತ್ತಿತ್ತು.

ತಾತ ಕಂಡು ಸಿಡಿದರು. "ಹೆಂಗಸರು ಪ್ಯಾಂಟು ಹಾಕೋದಾ? ಬಿಚ್ಚಮ್ಮ! ಇಲ್ದಿದ್ರೆ ಮನೇಲೇ ಇರು."

"ಚಳಿಗೆ ಹೆಂಗಸು ಗಂಡಸು ಅಂತ ಗೊತ್ತಾಗಲ್ಲ ಮಾವ. ಬಿಚ್ಚಲ್ಲ. ಹೋಗೋದೂ ಬಿಡಲ್ಲ."

ಅಮ್ಮ ತಾತನಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಪ್ಪ ತಲೆಯೆತ್ತದೆ ಹಾಸಿಗೆ ಸುತ್ತುತ್ತಲೇ ಇದ್ದರು.

ಜಟಕಾ ಬಂತು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ತಾತ ಜಗಲಿಯಿಂದ ನೋಡುತ್ತಿದ್ದಂತೆಯೇ ಅಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಪ್ಯಾಂಟು ಎಲ್ಲರಿಗೂ ಕಾಣುವಂತೆ ನಿಧಾನವಾಗಿ ಗಾಡಿ ಹತ್ತಿದಳು. ಆಮೇಲೆ ನನ್ನ ಕಡೆ ಕೈ ಚಾಚಿ, ಬೀದಿಗೆಲ್ಲ ಕೇಳುವಂತೆ ಅಂದಳು:

"ಬಾರೇ ಅಮ್ಮಣ್ಣಿ, ನಿಂಗೂ ಒಂದು ಹೊಲ್ದಿದೀನಿ."