ತಂಪು ಮಣೆ

ರಾಯಚೂರಿನ ಬೇಸಿಗೆ ಐವತ್ತೆರಡು ಡಿಗ್ರಿ ದಾಟಿದ ಮೇಲೆ, ಹೆಣ್ಣು ನೋಡಲು ಬಂದ ಗಂಡಿಗೆ ಮೊದಲು ತಂಪು ಮಣೆ ಹಾಕುವುದೇ ಶಾಸ್ತ್ರವಾಗಿದೆ. ಬಿಸಿಗೆ ವೃಷಣದೊಳಗಿನ ಕಿಣ್ವಗಳು ಮಂಕಾಗಿ ವೀರ್ಯ ಕೆಡುತ್ತದೆ, ವಯಸ್ಸಾದಂತೆ ಇನ್ನೂ ಬೇಗ ಎಂದು ಈಗ ತರಕಾರಿ ಮಾರುವವರೂ ಹೇಳುತ್ತಾರೆ.

ನನ್ನನ್ನು ನೋಡಲು ಬಂದ ಅಮರೇಶನಿಗೆ ಮೂವತ್ತಾರು. ಸಾಲದ್ದಕ್ಕೆ ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟು ಸಿಕ್ಕಿತ್ತಂತೆ. ಅಮ್ಮ ಗಡಿಬಿಡಿಯಿಂದ ಮಣೆ ಹಾಕಿ, ಅದನ್ನು ತಣ್ಣಗಾಗಿಸುವ ಬಟನ್ ಒತ್ತಿ, "ಕುಂದರ್ರಿ" ಅಂದಳು. ಅವನು ಮುಂದೆ ಬರುವಷ್ಟರಲ್ಲಿ ಅವನ ಅಪ್ಪ, ಎಪ್ಪತ್ತು ದಾಟಿದ ಬೂದೆಪ್ಪನವರು, ಹಿರಿಯರಿಗೆ ಹಾಕಿದ್ದೆಂದು ತಿಳಿದು ಕೂತೇಬಿಟ್ಟರು.

"ಭಾಳ ತಂಪೈತಿ," ಎಂದು ಕಣ್ಣು ಮುಚ್ಚಿದರು.

ಬೀಗರಾಗುವವರನ್ನು ಏಳಿ ಅನ್ನುವವರು ಯಾರು? ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಫ್ಯಾನ್ ನೋಡಿದ. ಅಮರೇಶ ಕಾದ ಕುರ್ಚಿಯ ಮೇಲೆ ಕೂರಲು ಹೆದರಿ, ಬೆವರು ಒರೆಸಿಕೊಳ್ಳುತ್ತ ನಿಂತೇ ಇದ್ದ. ತಂದೆಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಆ ಸಂಕೋಚ ನನಗೆ ಹಿಡಿಸಿತು. ಆದರೆ ಇವನು ಹೀಗೇ ಬೇಯುತ್ತ ನಿಂತರೆ ನನ್ನ ಮಕ್ಕಳ ಗತಿಯೇನು?

ಚಹಾದ ತಟ್ಟೆ ಇಟ್ಟು ಹೇಳಿಯೇಬಿಟ್ಟೆ: "ಮಾವಾರ, ಸ್ವಲ್ಪ ಏಳ್ರಿ. ನಿಮ್ಮ ಮೊಮ್ಮಕ್ಕಳಿಗೆ ಆ ಜಾಗ ಬೇಕಾಗೈತಿ."

ಹುಡುಗನನ್ನು ಇನ್ನೂ ಯಾರೂ ಒಪ್ಪಿರಲಿಲ್ಲ, ನಾನಾಗಲೇ ಮಾವ ಅಂದಿದ್ದೆ.

ಬೂದೆಪ್ಪನವರು ಮೊಣಕಾಲು ಹಿಡಿದು ಮೆಲ್ಲಗೆ ಎದ್ದರು. ಮಣೆಯನ್ನು ಪಂಚೆಯ ತುದಿಯಿಂದ ಒರೆಸಿ, ಮಗನ ಕಡೆ ತಿರುಗಿದರು.

"ಲಗೂನ ಕುಂದ್ರಪಾ," ಅಂದರು. "ನನ್ನ ಸೊಸಿ ಹೇಳಾಕತ್ತಾಳ."