ಗೋಡೆಗೆ ಮುಖ ಮಾಡಿ

"ಸಿಸ್ಟರಮ್ಮ, ಆ ಗ್ವಾಡೇಲಿ ಅದೇನ್ ಕಾಣ್ತದೆ ಇವರ್ಗೆಲ್ಲ?" ಗುಂಡ್ಲುಪೇಟೆಯ ಚರ್ಚ್ ಹಾಲ್ ಗುಡಿಸುವ ಚಿಕ್ಕಮಾದಮ್ಮ ೧೯೯೬ರ ಒಂದು ಭಾನುವಾರ ಬೆಳಿಗ್ಗೆ ಕೇಳಿಯೇಬಿಟ್ಟಳು. ಟೈಲರ್ ಗಫೂರ್ ಸಾಬರು, ಹಂಗಳದ ದೊರೆಸ್ವಾಮಿ ಮೇಷ್ಟ್ರು, ಇನ್ನೂ ನಾಲ್ಕು ಜನ ವಾರವಾರವೂ ಅಲ್ಲಿ ಬಿಳಿ ಗೋಡೆಗೆ ಮುಖ ಮಾಡಿ ಝೆನ್ ಧ್ಯಾನಕ್ಕೆ ಕೂರುತ್ತಿದ್ದರು. ಜಪಾನಿನಲ್ಲಿ ಅದನ್ನು ಕಲಿತು ಬಂದಿದ್ದ ಸಿಸ್ಟರ್ ರೋಸಿಲಿ ನಕ್ಕು, "ನೀವೂ ಕೂತು ನೋಡಿ" ಎಂದು ಸಾಬರ ಪಕ್ಕ ಚಾಪೆ ಹಾಸಿದರು.

ಗೋಡೆಯಲ್ಲಿ ಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ಉಸಿರು ಎಣಿಸುತ್ತ ಕೂತವಳಿಗೆ, ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡ ಮಗಳು ಭಾನು ನೆನಪಾದಳು. ಮಣ್ಣು ಮಾಡಿದ ದಿನದಿಂದಲೂ ಕಣ್ಣು ತುಂಬಿದಾಗಲೆಲ್ಲ ಯಾರಾದರೊಬ್ಬರು "ಅಳ್ಬ್ಯಾಡ ಬುಡಕ್ಕ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಈಗ ತಡೆಯಲಾಗದೆ ಜೋರಾಗಿಯೇ ಅತ್ತಳು. ಯಾರೂ ತಿರುಗಿ ನೋಡಲಿಲ್ಲ.

ಧ್ಯಾನ ಮುಗಿಸುವ ಪುಟ್ಟ ಗಂಟೆಯನ್ನು ಕೈಗೆತ್ತಿಕೊಂಡಿದ್ದ ಸಿಸ್ಟರ್ ಅದನ್ನು ಬಾರಿಸದೆ ಹಾಗೇ ಕೂತರು. ಹೊರಗೆ ಮೇಷ್ಟ್ರು ಊರಿಗೆ ಹೋಗಬೇಕಿದ್ದ ಹಂಗಳದ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು, ಮೇಷ್ಟ್ರು ಅಲುಗಲಿಲ್ಲ. "ನನ್ನಿಂದ ನಿಮ್ಗೆಲ್ಲ ತಡ ಆಯ್ತದೆ, ಓಗಿ" ಎಂದಳು ಚಿಕ್ಕಮಾದಮ್ಮ, ಬಿಕ್ಕುತ್ತಲೇ.

ಸಾಬರು ಗೋಡೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು: "ಅತ್ಕೊಳಮ್ಮ. ನಾವು ಕೂತಿರ್ತೀವಿ."