ವಜ್ಜಾ ಮಶೀನು

ಸುಂದರಾ ತನ್ನ ಮಾವನ ಡ್ರಿಲ್ ಮಶೀನನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಎಣ್ಣೆ ಬಟ್ಟೆ ಆಡಿಸುತ್ತಿದ್ದಳು. ಹಿಂದಿನ ಮುಚ್ಚಳದ ಬಳಿ ಕೈ ಕೊಂಚ ಹೆಚ್ಚೇ ಹೊತ್ತು ನಿಂತಿತು. ಆಮೇಲೆ ಸೆರಗಿನ ತುದಿಗೆ ಗಂಟು ಹಾಕಿ ಎದ್ದಳು.

ಅಂದು ಖಂಡೇನವಮಿ, ಆಯುಧಪೂಜೆ. ಅಂಕಲಿಯ ಬಡಿಗೇರ ಕಾಮಣ್ಣ ಅಂಗಡಿಯ ಕೀಲಿಯನ್ನು ಮಗನಿಗೆ ಕೊಡುವನೋ ಅಳಿಯನಿಗೋ ಎಂಬುದು ಪೂಜೆಯ ಹೊತ್ತಿಗೆ ತೀರ್ಮಾನವಾಗಬೇಕಿತ್ತು. ಮಗ ಲಗಮಪ್ಪನಿಗೆ ಸಿಗದಿದ್ದರೆ ಅವನೂ ಹೆಂಡತಿ ಸುಂದರಾಳೂ ನಿಪ್ಪಾಣಿಯಲ್ಲಿ ಕೂಲಿ ಹುಡುಕಬೇಕು.

ಲಗಮಪ್ಪನ ತಪ್ಪು ಒಂದೇ. ಅವನು ತಂದ ಪ್ಲಾಸ್ಟಿಕ್ ಮೈಯ ಹೊಸ ಮಶೀನು ಎರಡು ಸಲ ಸುಟ್ಟುಹೋಗಿತ್ತು. ಊರಿನ ಬಾಗಿಲು ಚೌಕಟ್ಟುಗಳಿಗೆಲ್ಲ ತೂತು ಹಾಕಿದ್ದು ಅದೇ. ಆದರೆ ಅದು ಯಾರಿಗೆ ಬೇಕು?

ಕಾಮಣ್ಣನದು ಎಪ್ಪತ್ತರ ಸಾಲಿನ ಮಶೀನು. ತಂಬಾಕು ಬಿಟ್ಟ ಮೇಲೆ ಅವನಿಗೆ ಉಳಿದ ಚಟ ಅದೊಂದೇ. ದಿನಾ ಊಟವಾದ ಮೇಲೆ ಬಾಗಿಲು ಮುಚ್ಚಿಕೊಂಡು ಅದರ ಸೇವೆಗೆ ಕೂರುತ್ತಿದ್ದ. ಈ ಸಲ ಕೈ ಉಳುಕಿದ್ದರಿಂದ ಒರೆಸುವ ಕೆಲಸ ಸೊಸೆಗೆ ಬಿದ್ದಿತ್ತು.

"ಹತ್ತು ವರ್ಷದಾಗ ಒಮ್ಮೆರ ಬಿಸಿ ಆಗೈತೇನು ಕೇಳ್ರಿ," ಎಂದ ಕಾಮಣ್ಣ, ನೆರೆದವರ ಮುಂದೆ. "ಈಗಿನ ಮಶೀನು ಹಲ್ಲ ಬರೂದರಾಗ ಸಾಯ್ತಾವು."

"ಮಶೀನೂ ಹಂಗ, ಹುಡುಗರೂ ಹಂಗ್ರಿ ಮಾಮಾ," ಎಂದು ನಕ್ಕ ಅಳಿಯ ರಾಜಾರಾಮ.

"ಅಪ್ಪಾ, ಅದನ್ನ ಒಂದಿನಾನೂ ಕೆಲಸಕ್ಕ ಕೊಡಲಿಲ್ಲಲ್ಲ," ಎಂದ ಲಗಮಪ್ಪ.

"ಇಲಿ ಹಿಡಿಯಾಕ ಆನಿ ಬಿಡ್ತಾರೇನ್ಲೇ?"

ಎಲ್ಲರೂ ನಕ್ಕರು. ಕಾಮಣ್ಣ ಸೊಂಟದಿಂದ ಕೀಲಿ ತೆಗೆದು ಅಳಿಯನ ಕಡೆ ನೋಡಿದ. ರಾಜಾರಾಮನಿಗೆ ಹುರುಪು ಬಂತು. ಮಶೀನನ್ನು ಮಣೆಯ ಮೇಲೆ ತಾನೇ ಇಡುತ್ತೇನೆಂದು ಅಂಗಿಯ ತೋಳು ಮಡಚಿ ನಿಂತ.

"ಬ್ಯಾಡ್ರಿ, ಭಾಳ ವಜ್ಜಾ ಐತಿ! ಮುಟ್ಟಬ್ಯಾಡ್ರಿ!" ಎಂದು ಕೂಗಿದ ಕಾಮಣ್ಣ.

ಅಷ್ಟು ಭಾರವೆಂದು ನಂಬಿದ ರಾಜಾರಾಮ ಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಎರಡೂ ಕೈಯಿಂದ ಒಮ್ಮೆಲೇ ಎತ್ತಿದ. ಮಶೀನು ಖಾಲಿ ಕೊಡದಂತೆ ಮೇಲೆ ಹಾರಿ ತೊಲೆಗೆ ಬಡಿಯಿತು. ಹಿಂದಿನ ಮುಚ್ಚಳ ಕಳಚಿತು. ಒಳಗೆ ಮೋಟಾರೇ ಇರಲಿಲ್ಲ. ತಂಬಾಕಿನ ಎಸಳು, ಸುಣ್ಣದ ಡಬ್ಬಿ, ಎಂದೋ ಸುಟ್ಟು ಕರಿಯಾದ ವೈಂಡಿಂಗ್ ತಂತಿಯ ತುಂಡು ಒಂದೊಂದಾಗಿ ಪೂಜೆಗೆ ಬಂದಿದ್ದ ಬಾಪುಸಾಹೇಬ ಪೂಜಾರಿಯ ಆರತಿ ತಟ್ಟೆಗೆ ಬಿದ್ದವು.

ಸುಂದರಾ ಸೆರಗಿನ ಗಂಟು ಬಿಚ್ಚಿ, ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಅದೇ ತಟ್ಟೆಗೆ ಹಾಕಿ, ಕೈ ಚಾಚಿದಳು.

"ಮಾವಾರ, ಕೀಲಿ ಇತ್ತಾಗ ಕೊಡ್ರಿ."